ರಂಗದ ಹೊತ್ತು ಯಾರ ಕೈಯಲ್ಲಿ?

ಯಕ್ಷಗಾನ ರಂಗಕ್ಕೆ ಹೊಸ ಯಂತ್ರ ಬಂದಾಗಲೆಲ್ಲ ನಮ್ಮಲ್ಲಿ ನಡೆಯುವ ವಾದ ಬಹುಮಟ್ಟಿಗೆ ಚೆಲುವಿನದ್ದು. ಧ್ವನಿ ಕರ್ಕಶವಾಯಿತು, ಬೆಳಕು ಕಣ್ಣು ಕುಕ್ಕುತ್ತದೆ, ಪರಂಪರೆ ಕೆಟ್ಟಿತು ಎಂದು ಒಂದು ಪಕ್ಷ. ಕಾಲಕ್ಕೆ ತಕ್ಕಂತೆ ಕಲೆ ನಡೆಯಬೇಕು ಎಂದು ಇನ್ನೊಂದು ಪಕ್ಷ. ಈ ಗದ್ದಲದಲ್ಲಿ ಹೆಚ್ಚು ಮುಖ್ಯವಾದ ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ. ಹತ್ತಾರು ಜನ ಕೂಡಿ ಆ ಹೊತ್ತಿಗೆ ಅಲ್ಲೇ ಕಟ್ಟುವ ಕಲೆಯಲ್ಲಿ ಯಂತ್ರವೂ ಪಾಲುಗಾರನಾದ ಮೇಲೆ, ಯಾವಾಗ ಎತ್ತಬೇಕು, ಎಷ್ಟು ಕಾಯಬೇಕು, ಎಲ್ಲಿ ಮುಕ್ತಾಯ ಕೊಡಬೇಕು ಎಂದು ತೀರ್ಮಾನಿಸುವವರು ಯಾರು? ಅಮೆರಿಕ, ಯುರೋಪುಗಳಲ್ಲಿ ಸಂವೇದಕ, ಕಂಪ್ಯೂಟರ್, ಪ್ರೊಜೆಕ್ಟರ್‌ಗಳನ್ನಿಟ್ಟು ಪ್ರದರ್ಶನ ಕಟ್ಟುವವರು ಅರುವತ್ತು ವರ್ಷಗಳಿಂದ ಇದರೊಂದಿಗೆ ಗುದ್ದಾಡುತ್ತಿದ್ದಾರೆ. ಕರಾವಳಿಯ ನಾವು ಅದನ್ನು ಪ್ರಶ್ನೆಯೆಂದೇ ಗುರುತಿಸದೆ ಪ್ರತಿ ರಾತ್ರಿ ಎದುರಿಸುತ್ತಿದ್ದೇವೆ.

ಅದನ್ನು ಹತ್ತಿರದಿಂದ ನೋಡಲು ಸಿದ್ಧಕಟ್ಟೆಯ ಆಸುಪಾಸಿಗಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ. ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯ ಈ ಪೇಟೆಯ ಹೆಸರನ್ನು ತೆಂಕುತಿಟ್ಟಿನ ರಂಗದಲ್ಲಿ ಮೊಳಗಿಸಿದವರು ಸಿದ್ಧಕಟ್ಟೆ ಚೆನ್ನಪ್ಪ ಶೆಟ್ಟರು. ಪೂರ್ವಕ್ಕೆ ಬೆಳ್ತಂಗಡಿ ತಾಲೂಕು, ಅಲ್ಲಿ ಧರ್ಮಸ್ಥಳ ಮೇಳ. ಉತ್ತರಕ್ಕೆ ಮೂಡುಬಿದಿರೆ, ಅಲ್ಲಿ ಆಳ್ವಾಸ್‌ನ ಧೀಂಕಿಟ ಯಕ್ಷಗಾನ ಅಧ್ಯಯನ ಕೇಂದ್ರ. ಪಕ್ಕದ ಮಾರೂರಿನಲ್ಲಿ ಬಲಿಪ ನಾರಾಯಣ ಭಾಗವತರ ಮನೆ. ಇಡೀ ಸೀಮೆಯ ಮೇಲೆ ಕಟೀಲು ಮೇಳಗಳ ಹರಕೆಯಾಟದ ಸಂಚಾರ. ದೀಪಾವಳಿಯ ಬಳಿಕ ತಿರುಗಾಟ ಹೊರಟರೆ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ಇಲ್ಲಿನ ಗದ್ದೆ, ಮೈದಾನಗಳಲ್ಲಿ ಮೈಕು, ಎಲ್‌ಇಡಿ ದೀಪ, ಯೂಟ್ಯೂಬ್ ಕ್ಯಾಮರಾ, ಚೆಂಡೆ, ದೊಂದಿ ಎಲ್ಲವೂ ಒಂದೇ ರಂಗಸ್ಥಳದ ಸುತ್ತ ಸೇರುತ್ತವೆ.

ಯಂತ್ರ ಬರುವ ಮೊದಲೇ ಅಲ್ಲಿ ಏನಿತ್ತು ಎಂಬುದನ್ನು ಮೊದಲು ತಿಳಿಯಬೇಕು. ಪ್ರಸಂಗದಲ್ಲಿ ಬರೆದಿಟ್ಟದ್ದು ಪದ್ಯಗಳು ಮಾತ್ರ. ಅರ್ಥ ಎಷ್ಟು ಹೊತ್ತು, ಒಂದು ಸಾಲು ಎಷ್ಟು ಸಲ ಮರುಕಳಿಸಬೇಕು, ಧೀಂಗಿಣ ಎಷ್ಟು ಸುತ್ತು, ಯಾವುದೂ ಮೊದಲೇ ನಿಶ್ಚಯವಾಗಿರುವುದಿಲ್ಲ. ಚೌಕಿಯಲ್ಲಿ ಬಣ್ಣ ಹಚ್ಚುತ್ತ ನಾಲ್ಕು ಮಾತು ಆಡಿಕೊಂಡರೆ ಅದೇ ತಾಲೀಮು. ರಂಗಕ್ಕೆ ಬಂದ ಮೇಲೆ ಕೆಲಸ ಮಾಡುವುದು ಸಂಜ್ಞೆಗಳು. ಅರ್ಥ ಹೇಳುವವರು ಸ್ವರವೇರಿಸಿ ಒಂದು ಶಬ್ದದ ಮೇಲೆ ನಿಂತರೆ ಭಾಗವತರು ಪದ್ಯ ಎತ್ತುತ್ತಾರೆ. ಬಿಡ್ತಿಗೆ ಬಿತ್ತೆಂದರೆ ಕುಣಿತಕ್ಕೆ ದಾರಿ ತೆರೆಯಿತು. ಚೆಂಡೆಯವರ ಕಣ್ಣು ವೇಷದ ಕಾಲಿನ ಮೇಲೆ, ಕಿವಿ ಜಾಗಟೆಯ ಮೇಲೆ; ಮದ್ದಳೆಯವರ ಗಮನ ಭಾಗವತರ ಉಸಿರಿನ ಮೇಲೆ. ಧೀಂಗಿಣ ಹಾಕುವ ಹುಡುಗನಿಗೆ ಏದುಸಿರು ಬಂದಿದೆ ಎಂದು ಕಂಡರೆ ಒಂದು ಸುತ್ತು ಮೊದಲೇ ಮುಕ್ತಾಯ. ಸಭೆ ಕಾವೇರಿದೆ ಎಂದು ಕಂಡರೆ ಇನ್ನೆರಡು ಆವರ್ತ ಹೆಚ್ಚು. ವೇಷಧಾರಿ ಸಭೆಗೆ ಮುಖ ಮಾಡಿ ನಿಂತಿರುವುದರಿಂದ ಬೆನ್ನ ಹಿಂದಿನಿಂದ ಬರುವ ಸೂಚನೆಯೆಲ್ಲ ಕಿವಿಯ ಮೂಲಕವೇ ಬರಬೇಕು. ಇಷ್ಟರ ನಡುವೆ ಎಲ್ಲರೂ ಒಪ್ಪಿದ ಅಧಿಕಾರವೊಂದಿದೆ: ಕಾಲ ಭಾಗವತರದ್ದು. ನಿಲ್ಲಿಸುವವರು, ಓಡಿಸುವವರು, ಕಾಯುವವರು ಅವರೇ.

ಧರ್ಮಸ್ಥಳ ಮೇಳದಲ್ಲಿ ಕಡತೋಕ ಮಂಜುನಾಥ ಭಾಗವತರು, ಚೆಂಡೆಯಲ್ಲಿ ನೆಡ್ಲೆ ನರಸಿಂಹ ಭಟ್ಟರು, ಮದ್ದಳೆಯಲ್ಲಿ ಚಿಪ್ಪಾರು ಕೃಷ್ಣಯ್ಯ ಬಲ್ಲಾಳರು ಕೂಡಿದ್ದ ಹಿಮ್ಮೇಳವನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಆ ಜೊತೆಗಾರಿಕೆ ಪ್ರತಿಭೆಯಿಂದಷ್ಟೇ ಬಂದುದಲ್ಲ. ವರ್ಷಕ್ಕೆ ಆರು ತಿಂಗಳು, ರಾತ್ರಿಯಿಂದ ರಾತ್ರಿಗೆ, ಅದೇ ಮಂದಿ ಅದೇ ರಂಗದಲ್ಲಿ ಕೂತು ಒಬ್ಬರ ಮುಂದಿನ ಪೆಟ್ಟು ಎಲ್ಲಿ ಬೀಳಬಹುದು ಎಂಬ ಊಹೆಯನ್ನು ಇನ್ನೊಬ್ಬರು ರೂಢಿಸಿಕೊಂಡದ್ದರ ಫಲ ಅದು. ಇನ್ನು ಜೋಡಾಟ. ಅಕ್ಕಪಕ್ಕ ಎರಡು ರಂಗಸ್ಥಳ, ಎರಡು ಮೇಳ, ಒಂದೇ ಪ್ರಸಂಗ. ಎರಡೂ ಕಡೆ ಒಂದೇ ಪಾತ್ರ ಒಂದೇ ಹೊತ್ತಿಗೆ ಇರಬೇಕು. ಆದರೆ ಒಬ್ಬರ ಚೆಂಡೆಗೆ ಇನ್ನೊಬ್ಬರು ಸೋಲಬಾರದು. ಎದುರಾಳಿಯನ್ನು ಕೇಳುತ್ತಲೇ ತಮ್ಮ ಲಯ ಬಿಡದಿರುವ ಈ ಪರೀಕ್ಷೆಯನ್ನು ಯಾವ ಗಣಕದ ನೆರವೂ ಇಲ್ಲದೆ ನಮ್ಮ ಮೇಳಗಳು ತಲೆಮಾರುಗಳಿಂದ ಬರೆದು ಪಾಸಾಗಿವೆ.

ಈ ಕೂಡುವಿಕೆಗೆ ಭೌತವಿಜ್ಞಾನ ಒಂದು ಗಡಿ ಹಾಕಿದೆ. ಗಾಳಿಯಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಅಂದರೆ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. ಐದಾರು ಮೀಟರ್ ಅಗಲದ ರಂಗಸ್ಥಳದ ಒಂದು ಅಂಚಿನ ಚೆಂಡೆ ಇನ್ನೊಂದು ಅಂಚಿನ ವೇಷಕ್ಕೆ ಮುಟ್ಟುವಾಗ 15ರಿಂದ 18 ಮಿಲಿಸೆಕೆಂಡ್ ಕಳೆದಿರುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಕ್ರಿಸ್ ಚೇಫ್ ಇಬ್ಬರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ನಡುವಿನ ವಿಳಂಬವನ್ನು ಹೆಚ್ಚು ಕಡಿಮೆ ಮಾಡುತ್ತ ಚಪ್ಪಾಳೆ ತಟ್ಟಿಸಿ ನೋಡಿದರು. ವಿಳಂಬ ತೀರ ಕಡಿಮೆಯಾದಾಗ ಲಯ ಓಡತೊಡಗಿತು. 25 ಮಿಲಿಸೆಕೆಂಡಿನ ಆಚೀಚೆ ದಾಟಿದರೆ ಜಾರತೊಡಗಿತು. ಯಾಕೆಂದರೆ ಇಬ್ಬರೂ ಮತ್ತೊಬ್ಬರಿಗಾಗಿ ಕಾಯುತ್ತ ಇನ್ನಷ್ಟು ತಡಮಾಡುತ್ತಾರೆ. ನಮ್ಮ ರಂಗಸ್ಥಳದ ಅಳತೆ ಈ ಗಡಿಯ ಒಳಗೇ ಬರುತ್ತದೆ. ಲೆಕ್ಕ ಹಾಕಿ ಮಾಡಿದ್ದಲ್ಲದಿದ್ದರೂ, ಕೂಡಿ ನುಡಿಸಲು ಹಿತವಾದ ಅಳತೆಯನ್ನು ಅನುಭವ ಕಂಡುಕೊಂಡಿದೆ ಎಂದೇ ನನ್ನ ಎಣಿಕೆ.

ಈ ರಂಗಕ್ಕೆ ಮೈಕ್ ಬಂತು. ಅದಕ್ಕೂ ಮೊದಲು ಭಾಗವತರ ಸ್ವರ ಚೆಂಡೆಯನ್ನು ಸೀಳಿಕೊಂಡು ಗದ್ದೆಯ ಆಚೆ ಬದಿಗೆ ಮುಟ್ಟಬೇಕಿತ್ತು. 1938ರಲ್ಲಿ ಹುಟ್ಟಿ 2023ರ ಫೆಬ್ರವರಿ 16ರಂದು ತೀರಿಕೊಂಡ ಬಲಿಪ ನಾರಾಯಣ ಭಾಗವತರ ಏರುಶ್ರುತಿಯ ಹಾಡಿಕೆ ಅಂಥ ಕಾಲದ ಅಗತ್ಯದಿಂದ ಬೆಳೆದು ಶೈಲಿಯಾಗಿ ನಿಂತದ್ದು. ಮೈಕ್ ಬಂದ ಮೇಲೆ ಶ್ರುತಿ ಇಳಿಸಿ ಹಾಡಬಹುದಾಯಿತು, ರಾಗವನ್ನು ನಯವಾಗಿ ಹಿಗ್ಗಿಸಬಹುದಾಯಿತು. ಹಾಗೆ ಹಿಗ್ಗಿಸಿದಾಗ ಒಂದೊಂದು ಪದ್ಯದ ಅವಧಿ ಬೆಳೆಯಿತು. ಅಷ್ಟೂ ಹೊತ್ತು ವೇಷಧಾರಿ ಕುಣಿಯುತ್ತಲೋ ನಿಂತೋ ಇರಬೇಕಾಯಿತು. ರಂಗದ ಮುಂದೆ ಎರಡೋ ಮೂರೋ ಮೈಕ್ ನೆಟ್ಟಿದ್ದ ಕಾಲದಲ್ಲಿ ಮಾತಾಡುವವರೆಲ್ಲ ಅದರ ಬುಡಕ್ಕೆ ಬಂದು ನಿಲ್ಲುವ ಅಭ್ಯಾಸವಾಯಿತು. ನಾಲ್ಕು ಮೂಲೆಯ ರಂಗ ಒಂದು ಗೆರೆಗೆ ಕುಗ್ಗಿತು. ಶ್ರುತಿಯ ವಿಷಯ ಬೇರೆ. ಬೆಂಗಳೂರಿನ ಜಿ. ರಾಜ್ ನಾರಾಯಣ್ 1979ರಲ್ಲಿ ರಾಡೆಲ್ ಸಂಸ್ಥೆ ಕಟ್ಟಿ ಎಲೆಕ್ಟ್ರಾನಿಕ್ ತಂಬೂರಿ ತಂದರು. ಅಂಥ ಶ್ರುತಿಪೆಟ್ಟಿಗೆ ಇಂದು ಹಿಮ್ಮೇಳದ ಭಾಗವೇ ಆಗಿದೆ. ಅದರ ವಿರುದ್ಧ ಯಾರೂ ದೂರು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಅದು ಶ್ರುತಿ ಹಿಡಿಯುತ್ತದೆ, ಹೊತ್ತನ್ನು ಹಿಡಿಯುವುದಿಲ್ಲ.

ಮೈಕಿನ ದೊಡ್ಡ ಕೇಡು ಜನ ಅಂದುಕೊಂಡ ಕಡೆ ಇಲ್ಲ. ಸಭೆಗೆ ತಿರುಗಿಸಿದ ಧ್ವನಿವರ್ಧಕಗಳ ಹಿಂದೆ ನಿಂತ ಕಲಾವಿದರಿಗೇ ತಮ್ಮ ಹಿಮ್ಮೇಳ ಸರಿಯಾಗಿ ಕೇಳಿಸುವುದಿಲ್ಲ. ಮೈದಾನದ ಕೊನೆಯಲ್ಲಿ, 60 ಮೀಟರ್ ದೂರದಲ್ಲಿ, ಇನ್ನೊಂದು ಜೊತೆ ಪೆಟ್ಟಿಗೆ ಇಟ್ಟರೆ ಅಲ್ಲಿಂದ ರಂಗಕ್ಕೆ ಮರಳುವ ಪೆಟ್ಟು ಸುಮಾರು 175 ಮಿಲಿಸೆಕೆಂಡ್ ತಡ. ಎದುರಿನಿಂದ ಬಂದ ತಡವಾದ ಪೆಟ್ಟು, ಬೆನ್ನ ಹಿಂದಿನ ನಿಜವಾದ ಪೆಟ್ಟು, ಎರಡರ ನಡುವೆ ಹೆಜ್ಜೆ ಇಡುವವರು ಯಾವುದನ್ನು ನಂಬಬೇಕು? ಇದಕ್ಕೆ ಪರಿಹಾರ ಗೊತ್ತಿಲ್ಲದ್ದೇನಲ್ಲ. ಕಲಾವಿದರ ಕಡೆಗೆ ತಿರುಗಿಸಿದ ಒಂದು ಜೊತೆ ಚಿಕ್ಕ ಪೆಟ್ಟಿಗೆ, ಹಿಂದಿನ ಪೆಟ್ಟಿಗೆಗಳ ಧ್ವನಿ ಕಡಿತ, ಚೆಂಡೆಗೆ ಮೈಕ್ ಬೇಕೇ ಎಂಬ ಸರಳ ವಿಚಾರ. ಆದರೂ ಬಹುತೇಕ ಆಟಗಳಲ್ಲಿ ಇದು ನಡೆಯುವುದಿಲ್ಲ, ಯಾಕೆಂದರೆ ಧ್ವನಿ ವ್ಯವಸ್ಥೆಯನ್ನು ಶಾಮಿಯಾನ, ಕುರ್ಚಿಗಳ ಜೊತೆ ಬಾಡಿಗೆಗೆ ತರುವ ಸಾಮಾನೆಂದು ನಾವು ಬಗೆದಿದ್ದೇವೆ.

ಇದೇ ಮೈಕು ಕೊನೆಗೆ ಇಡೀ ರಾತ್ರಿಯ ಆಟಕ್ಕೇ ಕೈ ಹಾಕಿತು. ಕೇಂದ್ರ ಸರಕಾರ 2000ನೇ ಇಸವಿಯಲ್ಲಿ ತಂದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ಧರ್ಮಸ್ಥಳ ಮೇಳ ಆಗಲೇ ಕಾಲಮಿತಿಗೆ ಹೊರಳಿತ್ತು. 2022ರ ತಿರುಗಾಟದಲ್ಲಿ ಕಟೀಲು ಮೇಳಗಳೂ ಸಂಜೆ ತೊಡಗಿ ರಾತ್ರಿಯೇ ಮುಗಿಸುವ ಕ್ರಮಕ್ಕೆ ಬಂದವು. ವಿಷಯ ಹೈಕೋರ್ಟಿಗೆ ಹೋಯಿತು. ಧ್ವನಿಯ ಮಿತಿಗೆ ಒಳಪಟ್ಟು 2024ರ ಜನವರಿಯಲ್ಲಿ ಕಟೀಲಿನ ಆಟ ಮತ್ತೆ ಬೆಳಗಿನವರೆಗೆ ನಡೆಯತೊಡಗಿತು. ನೆರೆಯಲ್ಲಿ ಹಸುಗೂಸು, ಕಾಯಿಲೆಯವರು, ಪರೀಕ್ಷೆಯ ಮಕ್ಕಳು ಇರುತ್ತಾರೆ. ನಿಯಮ ಅನ್ಯಾಯದ್ದೆಂದು ನಾನು ಹೇಳಲಾರೆ. ಆದರೆ ಕಾಲಮಿತಿಯಿಂದ ಕಡಿಮೆಯಾದದ್ದು ಗಂಟೆಗಳು ಮಾತ್ರವಲ್ಲ. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳ ಪೂರ್ವರಂಗ ಕಲಿಯುವ ಹುಡುಗರಿಗೆ ಹಿಮ್ಮೇಳದೊಂದಿಗೆ ಕೂಡಲು ಸಿಗುತ್ತಿದ್ದ ಹೊತ್ತು. ಅದು ಮೊದಲು ಹೋಗುತ್ತದೆ. ಮಾತಿಗೆ ಮಾತು ಹುಟ್ಟುವ ಅವಕಾಶ ಆಮೇಲೆ ಹೋಗುತ್ತದೆ. ಭಾಗವತರ ಕಣ್ಣು ಸಭೆಯನ್ನು ಬಿಟ್ಟು ಗಡಿಯಾರಕ್ಕೆ ಹೋದ ಮೇಲೆ, ಅವರಲ್ಲಿದ್ದ ಕಾಯುವ ಅಧಿಕಾರ ಗಡಿಯಾರದ್ದಾಗುತ್ತದೆ.

ಆಟವನ್ನು ಕುಗ್ಗಿಸುವುದೇ ತಪ್ಪೆಂದು ಇದರ ಅರ್ಥವಲ್ಲ. ಶಿವರಾಮ ಕಾರಂತರು ತಮ್ಮ ಯಕ್ಷಗಾನ ಪ್ರಯೋಗಗಳಲ್ಲಿ ಮಾತನ್ನು ಕೈಬಿಟ್ಟು, ವಯಲಿನ್, ಸ್ಯಾಕ್ಸೋಫೋನ್ ಸೇರಿಸಿ, ಮೊದಲೇ ಅಣಿಗೊಳಿಸಿದ ನೃತ್ಯನಾಟಕ ಕಟ್ಟಿದರು. ಅದು ಒಬ್ಬ ನಿರ್ದೇಶಕ ತಿಳಿದು ಮಾಡಿದ ಆಯ್ಕೆ. 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿ ತಾಳಮದ್ದಳೆಯನ್ನು ಗಂಟೆಯ ಚೌಕಟ್ಟಿಗೆ ತಂದಿತು. ಶೇಣಿ ಗೋಪಾಲಕೃಷ್ಣ ಭಟ್ಟರ ಪೀಳಿಗೆಯ ಅರ್ಥಧಾರಿಗಳು ಅದಕ್ಕೊಂದು ಬಿಗಿಯಾದ ಮಾತುಗಾರಿಕೆಯನ್ನೇ ಕಂಡುಕೊಂಡರು. ಕಲಾವಿದರು ತಾವೇ ಹಾಕಿಕೊಂಡ ಮಿತಿ ಕಲೆಗೆ ಒದಗುತ್ತದೆ. ಯಂತ್ರದ ಬಳಕೆಯಿಂದ ತಾನಾಗಿ ಬಂದ ಮಿತಿಯ ಬಗ್ಗೆ ನನ್ನ ತಕರಾರು.

ಬೆಳಕಿನ ಮಾತೂ ಇದೇ. ದೇವಿಮಹಾತ್ಮೆಯಲ್ಲಿ ಮಹಿಷಾಸುರ ರಂಗದ ಹಿಂದಿನಿಂದ ಬರುವುದಿಲ್ಲ. ದೂರದಿಂದ, ಸಭೆಯ ನಡುವಿನಿಂದ, ದೊಂದಿಗಳ ನಡುವೆ ರಾಳದ ಬೆಂಕಿ ಎಬ್ಬಿಸುತ್ತ ಬರುತ್ತಾನೆ. ಜನ ಎದ್ದು ದಾರಿ ಬಿಡುತ್ತಾರೆ, ಮಕ್ಕಳು ಚೀರುತ್ತಾರೆ, ಹುಡುಗರು ಎದುರು ನಿಂತು ಕೆಣಕುತ್ತಾರೆ. ಮಹಿಷ ಎಲ್ಲಿ ನಿಲ್ಲುತ್ತಾನೆ, ಯಾರತ್ತ ನುಗ್ಗುತ್ತಾನೆ ಎಂಬುದನ್ನು ಸಭೆಯೇ ಅರ್ಧ ತೀರ್ಮಾನಿಸುತ್ತದೆ. ಅಷ್ಟು ಹೊತ್ತೂ ರಂಗದ ಮೇಲಿನ ಚೆಂಡೆ ಅವನನ್ನು ಕಣ್ಣಲ್ಲೇ ಹಿಂಬಾಲಿಸುತ್ತದೆ. ಪ್ರೇಕ್ಷಕರು ಪಾಲ್ಗೊಳ್ಳುವ ಕಲೆಯೆಂದು ಜಗತ್ತು ಇಂದು ಹುಡುಕುತ್ತಿರುವುದು ಇದನ್ನೇ. ದೊಂದಿ ಹಿಡಿದವರು ವೇಷದ ಜೊತೆ ನಡೆಯುವುದರಿಂದ ಬೆಳಕೂ ವೇಷದ ಲಯದಲ್ಲೇ ಇರುತ್ತದೆ. ಈಗ ರಂಗದ ಸುತ್ತ ತೂಗುವ ಬಣ್ಣದ ದೀಪಗಳಲ್ಲಿ ಕೆಲವು ಸದ್ದಿಗೆ ತಾವಾಗಿಯೇ ಮಿನುಗುವಂಥವು. ಅವು ಅಳೆಯುವುದು ಸದ್ದಿನ ಗಾತ್ರವನ್ನು. ಕರುಣಕ್ಕೂ ರೌದ್ರಕ್ಕೂ ಅವಕ್ಕೆ ವ್ಯತ್ಯಾಸ ಗೊತ್ತಿಲ್ಲ. ಹಿಂದೆ ಎಲ್‌ಇಡಿ ಪರದೆ ಇಟ್ಟು ದೃಶ್ಯ ಓಡಿಸುವಾಗ, ಮೊದಲೇ ಸಿದ್ಧಪಡಿಸಿದ ಮೂರು ನಿಮಿಷದ ಚಿತ್ರಕ್ಕೆ ವೇಷಧಾರಿ ಮೂರೇ ನಿಮಿಷ ಕುಣಿಯಬೇಕು. ಯಕ್ಷಗಾನಕ್ಕೆ ಇದಕ್ಕಿಂತ ಪರಕೀಯವಾದುದು ಇನ್ನೊಂದಿಲ್ಲ ಎಂದೇ ನಾನು ಭಾವಿಸುತ್ತೇನೆ.

ಹೊರಜಗತ್ತಿನ ಚರಿತ್ರೆ ಇಲ್ಲಿ ನೆರವಿಗೆ ಬರುತ್ತದೆ. 1965ರಲ್ಲಿ ನ್ಯೂಯಾರ್ಕಿನಲ್ಲಿ ಮರ್ಸ್ ಕನಿಂಗ್‌ಹ್ಯಾಮರ ನರ್ತಕರು ಜಾನ್ ಕೇಜರ ‘ವೇರಿಯೇಷನ್ಸ್ 5’ರಲ್ಲಿ ಕುಣಿದಾಗ, ರಂಗದ ಮೇಲಿದ್ದ ಆಂಟೆನಾಗಳೂ ಬೆಳಕಿನ ಸಂವೇದಕಗಳೂ ಅವರ ಚಲನೆಯನ್ನು ಗ್ರಹಿಸಿ ಧ್ವನಿಯನ್ನು ಬದಲಿಸಿದವು. ಮರುವರ್ಷ ಅಕ್ಟೋಬರಿನಲ್ಲಿ, ಬಿಲ್ಲಿ ಕ್ಲೂವರ್ ಎಂಬ ಎಂಜಿನಿಯರರ ಮುಂದಾಳತ್ವದಲ್ಲಿ, ಬೆಲ್ ಲ್ಯಾಬ್ಸ್‌ನ ಸುಮಾರು 30 ಎಂಜಿನಿಯರುಗಳು 10 ಕಲಾವಿದರೊಂದಿಗೆ ಕೂಡಿ ‘ನೈನ್ ಈವನಿಂಗ್ಸ್’ ನಡೆಸಿದರು. ಉಪಕರಣಗಳು ಕೈಕೊಟ್ಟವು, ಪ್ರದರ್ಶನಗಳ ನಡುವೆ ಉದ್ದುದ್ದ ಕಾಯುವಿಕೆ ಆಯಿತು, ವಿಮರ್ಶಕರು ಬೈದರು. ಆದರೂ ಅಲ್ಲಿಂದ ಒಂದು ತತ್ವ ಉಳಿಯಿತು: ಎಂಜಿನಿಯರ್ ಕಲಾವಿದನ ಸೇವಕನಲ್ಲ, ಸಹಕಲಾವಿದ. 1969ರಲ್ಲಿ ಡೇವಿಡ್ ಟ್ಯೂಡರ್ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಸಿಂಥಸೈಜರ್ ಸ್ಥಾಪಿಸಿದಾಗ ಆ ಗಾಳಿ ನಮ್ಮ ದೇಶಕ್ಕೂ ಬೀಸಿತು. ಬೆಂಗಳೂರಿನಲ್ಲಿ 1992ರಲ್ಲಿ ಜಯಚಂದ್ರನ್ ಪಾಳಳಿಯವರು ಆರಂಭಿಸಿದ ಅಟ್ಟಕ್ಕಲರಿ ಕೇಂದ್ರ ನರ್ತಕರ ದೇಹವನ್ನೂ ಡಿಜಿಟಲ್ ಚಿತ್ರವನ್ನೂ ಜೊತೆಗೂಡಿಸುವ ಪ್ರಯೋಗಗಳಿಗೆ ಹೆಸರಾಯಿತು. ಕರಾವಳಿಯ ಮೇಳಗಳಿಗೂ ಇಂಥ ನಗರದ ಪ್ರಯೋಗಗಳಿಗೂ ಹೇಳಿಕೊಳ್ಳುವಂಥ ಮಾತುಕತೆ ಬೆಳೆಯಲಿಲ್ಲ. ಇಬ್ಬರಿಗೂ ಅದರಿಂದ ನಷ್ಟ.

ಯಂತ್ರ ಮನುಷ್ಯನನ್ನು ಹಿಂಬಾಲಿಸಬಲ್ಲುದೇ? 1984ರಲ್ಲಿ ರೋಜರ್ ಡ್ಯಾನನ್‌ಬರ್ಗ್, ಬ್ಯಾರಿ ವರ್ಕೋ ಇಬ್ಬರೂ ಪ್ರತ್ಯೇಕವಾಗಿ, ವಾದಕನ ವೇಗವನ್ನು ಆಲಿಸಿ ಅದಕ್ಕೆ ತಕ್ಕಂತೆ ಪಕ್ಕವಾದ್ಯ ನುಡಿಸುವ ಕಂಪ್ಯೂಟರನ್ನು ತೋರಿಸಿದರು. ವಾದಕ ನಿಧಾನಿಸಿದರೆ ಅದೂ ನಿಧಾನಿಸುತ್ತದೆ. ಆದರೆ ಅದಕ್ಕೆ ಮುಂದೆ ಏನು ಬರುತ್ತದೆಂದು ಬರೆದ ಸ್ವರಲಿಪಿ ಬೇಕು. ಯಕ್ಷಗಾನದಲ್ಲಿ ಮುಂದೆ ಏನು ಎಂಬುದೇ ತೆರೆದಿದೆ. 1980ರ ದಶಕದ ಕೊನೆಗೆ ಜಾರ್ಜ್ ಲೂಯಿಸ್ ‘ವಾಯೇಜರ್’ ಎಂಬ, ಲಿಪಿಯಿಲ್ಲದೆ ಮನೋಧರ್ಮದಿಂದ ಪ್ರತಿಕ್ರಿಯಿಸುವ ಗಣಕವನ್ನು ರೂಪಿಸಿದರು. ಅದು ನಮ್ಮ ರೀತಿಗೆ ಹತ್ತಿರ. ಚಕ್ರತಾಳ ಹಿಡಿಯುವವರಿಲ್ಲದ ಕಡೆ, ಮಕ್ಕಳ ತರಗತಿಯಲ್ಲಿ, ಭಾಗವತರ ಕಾಲವನ್ನು ಆಲಿಸಿ ಅನುಸರಿಸುವ ಒಂದು ಸಾಧನ ಉಪಕಾರಿಯಾದೀತು. ಲೆಕ್ಕದಂತೆ ಟಕ್ ಟಕ್ ಎನ್ನುತ್ತ ಹೋಗುವ ಆ್ಯಪ್‌ಗೆ ಮಗು ಕುಣಿಯಲು ಕಲಿತರೆ ಮಾತ್ರ ಅಪಾಯ. ಆ ಮಗುವಿಗೆ ಕೈಕಾಲು ಬರುತ್ತದೆ, ಕೇಳುವ ಕಿವಿ ಬರುವುದಿಲ್ಲ.

ಕೊನೆಯದು ಅಂತರ್ಜಾಲ. 2020ರ ಮಾರ್ಚಿನಲ್ಲಿ ಕೊರೊನಾದಿಂದ ತಿರುಗಾಟ ಅರ್ಧಕ್ಕೆ ನಿಂತಾಗ ಆಟ, ತಾಳಮದ್ದಳೆಗಳು ಯೂಟ್ಯೂಬ್, ಫೇಸ್‌ಬುಕ್‌ಗಳ ನೇರಪ್ರಸಾರಕ್ಕೆ ಸರಿದವು. ಖಾಲಿ ಸಭೆಯೆದುರು ಆಡಿದ ಕಲಾವಿದರಿಗೆ ಅದು ಅನ್ನದ ದಾರಿಯೂ ಆಯಿತು. ದೂರದೂರದ ಮನೆಗಳಿಗೆ ಊರಿನ ಚೆಂಡೆ ಮುಟ್ಟಿತು. ಇದನ್ನು ಮರೆಯಬಾರದು. ಆದರೆ ಇಂಥ ಪ್ರಸಾರ ಕೆಲವೊಮ್ಮೆ ಹತ್ತಿಪ್ಪತ್ತು ಸೆಕೆಂಡ್ ತಡವಾಗಿ ತಲುಪುತ್ತದೆ. ನೋಡುವವರ ಮೆಚ್ಚುಗೆ ಬರುವ ಹೊತ್ತಿಗೆ ಅರ್ಥಧಾರಿ ಬೇರೆ ಮಾತಿಗೆ ಹೋಗಿರುತ್ತಾರೆ. ಭಾಗವತರೊಂದು ಊರಿನಲ್ಲಿ, ಮದ್ದಳೆಯವರೊಂದು ಊರಿನಲ್ಲಿ ಕೂತು ಕೂಡುವ ಆಸೆಗೆ ಲೆಕ್ಕವೇ ಅಡ್ಡಿ. ಬೆಳಕು ಗಾಜಿನ ತಂತಿಯಲ್ಲಿ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಮಂಗಳೂರಿನಿಂದ ಸುಮಾರು 2,500 ಕಿ.ಮೀ. ದೂರದ ದುಬೈಗೆ ನೇರ ದಾರಿಯಿದ್ದರೆ 12–13 ಮಿಲಿಸೆಕೆಂಡ್. ಸುಮಾರು 13,000 ಕಿ.ಮೀ. ದೂರದ ನ್ಯೂಜೆರ್ಸಿಗೆ 65. ಮೊದಲಿನದ್ದು ಕಾಗದದ ಮೇಲೆ ಸಾಧ್ಯ, ಎರಡನೆಯದ್ದು ಪ್ರಕೃತಿನಿಯಮದಿಂದಲೇ ಅಸಾಧ್ಯ. ನಡುವಿನ ಯಂತ್ರಗಳೂ ವೀಡಿಯೊ ಕರೆಯ ಆ್ಯಪ್‌ಗಳೂ ತಮ್ಮ ಪಾಲಿನ ತಡ ಸೇರಿಸುವುದರಿಂದ ದುಬೈ ಕೂಡ ಸಾಮಾನ್ಯವಾಗಿ ಗಡಿಯ ಆಚೆಗೇ ಹೋಗುತ್ತದೆ. ಚೇಫ್ ರೂಪಿಸಿದ ಜ್ಯಾಕ್‌ಟ್ರಿಪ್, ಇಟಲಿಯ ಟ್ರಿಯೆಸ್ಟ್ ಸಂಗೀತಶಾಲೆಯ ಲೋಲಾ ಮೊದಲಾದ ತಂತ್ರಾಂಶಗಳು ಈ ಸೇರ್ಪಡೆಯನ್ನು ಕನಿಷ್ಠಕ್ಕಿಳಿಸುತ್ತವೆ. ನಿಂಜ್ಯಾಮ್ ಎಂಬ ಇನ್ನೊಂದು ತಂತ್ರ ಮಾತ್ರ ಯೋಚನೆಗೆ ಹಚ್ಚುತ್ತದೆ: ಅದು ತಡವನ್ನು ಅಡಗಿಸುವ ಬದಲು ಒಂದು ಇಡೀ ಆವರ್ತಕ್ಕೆ ಹಿಗ್ಗಿಸುತ್ತದೆ. ಪ್ರತಿಯೊಬ್ಬರೂ ಇತರರು ಹಿಂದಿನ ಆವರ್ತದಲ್ಲಿ ನುಡಿಸಿದ್ದಕ್ಕೆ ಕೂಡಿ ನುಡಿಸುತ್ತಾರೆ. ತಾಳದ ಆವರ್ತಗಳಲ್ಲೇ ಯೋಚಿಸುವ ನಮ್ಮ ಚೆಂಡೆ, ಮದ್ದಳೆಯವರ ಅಭ್ಯಾಸಕ್ಕೆ ಇದು ಒಗ್ಗಬಹುದು. ಮಾತಿಗೆ ಮಾತು ಕೂಡಬೇಕಾದ ಅರ್ಥಕ್ಕೆ ಒಗ್ಗದು.

ಇಷ್ಟನ್ನೆಲ್ಲ ನೋಡಿದ ಮೇಲೆ ನನ್ನ ತೀರ್ಪು ಇದು. ಕೇಳುವ, ಕಾಯುವ ಯಂತ್ರ ರಂಗಕ್ಕೆ ಬರಲಿ. ಹೊತ್ತನ್ನು ಮೊದಲೇ ಕಟ್ಟಿ ತರುವ ಯಂತ್ರ ಹೊರಗಿರಲಿ. ಯಂತ್ರ ತಾನಾಗಿ ಕಾಯಲಾರದ ಕಡೆ ಅದರ ಮುಂದೆ ಕಾಯಬಲ್ಲ ಮನುಷ್ಯ ಕೂರಬೇಕು. ಅಂಥವರು ನಮ್ಮಲ್ಲಿದ್ದಾರೆ. ಸಂಜೆ ಎಲ್ಲರಿಗಿಂತ ಮೊದಲು ಬಂದು ತಂತಿ ಎಳೆದು, ಮಂಗಳ ಹಾಡಿದ ಮೇಲೆ ಕೊನೆಗೆ ಹೋಗುವ ಆ ಯುವಕರು ನೂರಾರು ಆಟ ಕೇಳಿದವರು. ಬಿಡ್ತಿಗೆ ಎಲ್ಲಿ ಬೀಳುತ್ತದೆಂದು ಬಲ್ಲವರು. ಅವರನ್ನು ರಂಗ ಕಾಣದ ಮೂಲೆಯಲ್ಲಿ ಕೂರಿಸುವವರು ನಾವು.

ಸಿದ್ಧಕಟ್ಟೆ, ಬಂಟ್ವಾಳ, ವೇಣೂರು, ಮೂಡುಬಿದಿರೆ, ಬೆಳ್ತಂಗಡಿಗಳಲ್ಲಿ ಈ ಸಲ ಆಟ ಆಡಿಸುವ ಸೇವಾಕರ್ತರಲ್ಲಿ, ಸಮಿತಿಗಳಲ್ಲಿ ಒಂದು ವಿನಂತಿ. ಧ್ವನಿ, ಬೆಳಕು ನೋಡುವವರಿಗೆ ಭಾಗವತರ ಮುಖ ಕಾಣುವಲ್ಲಿ ಜಾಗ ಕೊಡಿ. ಆಟಕ್ಕೆ ಮೊದಲು ಹಿಮ್ಮೇಳದವರ ಜೊತೆ ಹತ್ತು ನಿಮಿಷ ಮಾತಾಡಿಸಿ. ಕಲಾವಿದರ ಕಡೆಗೆ ತಿರುಗಿಸಿದ ಪೆಟ್ಟಿಗೆಯನ್ನು ಬಾಡಿಗೆಯ ಪಟ್ಟಿಯಲ್ಲಿ ಮೊದಲು ಸೇರಿಸಿ. ಕರಪತ್ರದಲ್ಲಿ ಭಾಗವತರು, ಚೆಂಡೆ, ಮದ್ದಳೆ, ಚಕ್ರತಾಳ ಎಂದು ಅಚ್ಚು ಹಾಕಿಸುವಾಗ, ಅದರ ಕೆಳಗೆ ಧ್ವನಿ, ಬೆಳಕು ನೋಡುವವರ ಹೆಸರನ್ನೂ ಹಾಕಿಸಿ.